ಹುಣಿಸೆಮರದ ಚೀಲಗಳು

ಬೆಂಗಳೂರು ದಂಡಿನ ಕಾನ್ವೆಂಟಿನಲ್ಲಿ ನಾನು ಓದುತ್ತಿದ್ದಾಗ ಶುಕ್ರವಾರದ ಕೊನೆಯ ಎರಡು ಪೀರಿಯಡ್ ನೀಡಲ್‌ವರ್ಕಿಗೆ ಮೀಸಲು. ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ನೀಟಾಗಿರಬೇಕೆಂದು ಹೊಲಿಗೆ ಕಲಿಸುವ ಕನ್ಯಾಸ್ತ್ರೀ, ನಮ್ಮ ಮದರ್‌ಗೆ ಹಟ. ಹಿಂದೆ ಒಂದು ಗಂಟು ಕಂಡರೂ ಸಾಕು, ಇಡೀ ಸಾಲನ್ನೇ ಬಿಚ್ಚಿಸುತ್ತಿದ್ದರು. ನಮ್ಮದು ಲುಥೆರನ್ ಮನೆ, ಅವರು ಕ್ಯಾಥೊಲಿಕ್ಕರು. ಜಪಸರದ ಹೊತ್ತಿಗೆ ನನ್ನನ್ನು ಹಿಂದಿನ ಬೆಂಚಿಗೆ ಕಳಿಸುತ್ತಿದ್ದರು. ಸೂಜಿಯ ವಿಷಯದಲ್ಲಿ ಮಾತ್ರ ಮುಂದಿನ ಬೆಂಚು ನನ್ನದೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಕೈಕೆಲಸದಿಂದ ಒಬ್ಬ ಹೆಂಗಸಿಗೆ ಏನಾಯಿತು ಎಂಬುದನ್ನು ಹೇಳಬೇಕಾಗಿದೆ, ಅದಕ್ಕೆ.

ಮದುವೆಯಾಗಿ ಹೊಸಕೋಟೆಗೆ ಬಂದದ್ದು ಅರುವತ್ತರ ದಶಕದ ನಡುವೆ. ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಮ್ಮ ಸಭೆ ಚಿಕ್ಕದು, ಮೂವತ್ತು ಮನೆ ಇದ್ದರೆ ಹೆಚ್ಚು. ಹೆಂಚಿನ ಚರ್ಚು, ಒಂದು ಭಾನುವಾರ ಕನ್ನಡದಲ್ಲಿ ಆರಾಧನೆ, ಒಂದು ಭಾನುವಾರ ತಮಿಳಿನಲ್ಲಿ. ಪಕ್ಕದಲ್ಲೇ ಸಭೆಯ ಪ್ರೈಮರಿ ಸ್ಕೂಲು. ಅಲ್ಲಿ ನಾನು ಟೀಚರ್. ಕಂಟೋನ್ಮೆಂಟಿನ ಹುಡುಗಿಗೆ ಮೊದಲ ವರ್ಷ ಅಲ್ಲಿ ಎಲ್ಲವೂ ಬೋರು. ಸಂಜೆ ಆರಾದರೆ ರಸ್ತೆಯಲ್ಲಿ ಮೇಯ್ದು ಬರುವ ದನದ ಧೂಳು, ಚಿಂತಾಮಣಿ ಬಸ್ಸಿನ ಹಾರನ್ನು, ಆಮೇಲೆ ಏನೂ ಇಲ್ಲ.

ಸಭೆಯ ಹೆಂಗಸರಲ್ಲಿ ಒಂದು ರೂಢಿಯಿತ್ತು. ಅನ್ನಕ್ಕೆ ಅಕ್ಕಿ ಹಾಕುವ ಮುಂಚೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಹಾಕುವಾಗ ಮನಸ್ಸಿನಲ್ಲೇ ಒಂದು ಪ್ರಾರ್ಥನೆ. ಎಷ್ಟು ಬಡವರಾದರೂ ಇದನ್ನು ತಪ್ಪಿಸುತ್ತಿರಲಿಲ್ಲ; ಅಕ್ಕಿ ಇಲ್ಲದ ದಿನ ಒಂದು ಹಿಡಿ ರಾಗಿ. ಭಾನುವಾರ ಎಲ್ಲರೂ ಡಬ್ಬಿ ತಂದು ಪೀಠದ ಮುಂದಿನ ಕುಕ್ಕೆಗೆ ಸುರಿಯುವುದು. ರೇಷನ್ ಅಕ್ಕಿ, ಊರಿನ ದಪ್ಪಕ್ಕಿ, ತಮಿಳು ಮನೆಗಳ ಕುಸುಬಲಕ್ಕಿ, ನಡುವೆ ರಾಗಿಯ ಕಪ್ಪು ಚುಕ್ಕಿ, ಎಲ್ಲ ಒಂದರೊಳಗೊಂದು ಬೆರೆತು ಹೋಗುತ್ತಿತ್ತು. ಅದರ ಮೇಲೆ ಅಯ್ಯನವರು ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಅಯ್ಯನವರೆಂದರೆ ನಮ್ಮ ಪಾಸ್ಟರು. ನಾವೆಲ್ಲ ಹಾಗೇ ಕರೆಯುತ್ತಿದ್ದದ್ದು.

ಆ ಅಕ್ಕಿ ಹೋಗುತ್ತಿದ್ದದ್ದು ಹುಣಿಸೆಮರದ ಕೆಳಕ್ಕೆ. ಊರಾಚೆ, ಚಿಂತಾಮಣಿ ರಸ್ತೆಯ ಪಕ್ಕ, ಸಂತೆಯ ದಿನ ಬೆಳಗ್ಗೆ ಒಂದು ವ್ಯಾನು ಬಂದು ನಿಲ್ಲುತ್ತಿತ್ತು. ಕುಷ್ಠರೋಗದ ಆಶ್ರಮವೊಂದರಿಂದ ಬರುವ ವ್ಯಾನು. ಅದರಿಂದ ನರ್ಸಮ್ಮ ಇಳಿದು, ಮಡಚುವ ಟೇಬಲ್ ಬಿಡಿಸಿ, ಡಿ.ಡಿ.ಎಸ್. ಮಾತ್ರೆಯ ಡಬ್ಬ ತೆರೆಯುವರು. ರೋಗಿಗಳ ಕೈಕಾಲಿಗೆ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಸೂಜಿಯಿಂದ ಮುಟ್ಟಿ ನೋಡಿ, ಹುಣ್ಣು ತೊಳೆದು, ಒಂದು ವಾರದ ಮಾತ್ರೆ ಕೊಡುವರು. ನಮ್ಮ ಸಭೆಯಿಂದ ಇಬ್ಬರು ಹೆಂಗಸರು ಸಹಾಯಕ್ಕೆ. ಮಾತ್ರೆಯ ಜೊತೆಗೆ ನಮ್ಮ ಹಿಡಿ ಅಕ್ಕಿ.

ಮೊದಲು ಅಕ್ಕಿಯನ್ನು ಸೇರಿನಲ್ಲಿ ಅಳೆದು ಸೆರಗಿಗೋ ಟವಲಿಗೋ ಸುರಿಯುತ್ತಿದ್ದರು. ನನಗೆ ಅದು ಸರಿಕಾಣಲಿಲ್ಲ. ಭಿಕ್ಷೆ ಹಾಕಿದ ಹಾಗೆ, ನಾಟ್ ನೈಸ್, ಎಂದು ಹೆಂಗಸರ ಮೀಟಿಂಗಿನಲ್ಲಿ ಎದ್ದು ಹೇಳಿದೆ. ಫಾರಿನ್ನಿನಿಂದ ಬಂದಿದ್ದ ಹಿಟ್ಟಿನ ಖಾಲಿ ಬಿಳೀ ಮೂಟೆಗಳು ಸ್ಕೂಲಿನಲ್ಲಿ ರಾಶಿ ಬಿದ್ದಿದ್ದವು. ಅವನ್ನು ಒಗೆದು, ಕತ್ತರಿಸಿ, ನಾವೆಲ್ಲ ಕೂತು ಪುಟ್ಟ ಪುಟ್ಟ ಚೀಲ ಹೊಲಿದೆವು. ಪ್ರತಿಯೊಂದರ ಮೂಲೆಯಲ್ಲೂ ನಾನು ಕೆಂಪು ದಾರದಲ್ಲಿ ಒಂದು ಶಿಲುಬೆ ಹಾಕಿದೆ. ಹಿಂಬದಿಯಲ್ಲಿ ಒಂದು ಗಂಟೂ ಇಲ್ಲ. ಅಯ್ಯನವರು ಒಂದನ್ನು ಎತ್ತಿ ಹಿಡಿದು ಸಭೆಗೆಲ್ಲ ತೋರಿಸಿದರು. ಐ ವಾಸ್ ಸೋ ಪ್ರೌಡ್.

ಆ ಮರದ ಕೆಳಗೆ ಒಂದು ಸಂಗತಿ ನಡೆಯುತ್ತಿತ್ತು. ರೋಗಿಗಳು ಚೀಲ ತೆಗೆದುಕೊಂಡು ಸ್ವಲ್ಪ ದೂರ ಹೋಗಿ, ಅಕ್ಕಿಯನ್ನು ತಮ್ಮ ಬಟ್ಟೆಗೆ ಸುರಿದುಕೊಂಡು, ಚೀಲ ಮಡಚಿ ತಂದು ನಮ್ಮ ಕೈಗೇ ಕೊಟ್ಟುಬಿಡುತ್ತಿದ್ದರು. ಇಟ್ಟುಕೊಳ್ಳಿ, ನಿಮಗೇ, ಎಂದರೂ ಬೇಡ ಎನ್ನುವರು. ಎಂಥ ಪ್ರಾಮಾಣಿಕರು, ಒಂದು ಚೀಲವೂ ಕಳೆದುಹೋಗಿಲ್ಲ, ಎಂದು ನಾವು ಸಂತೋಷಪಟ್ಟೆವು. ಸಭೆಯ ಆನ್ಯುವಲ್ ರಿಪೋರ್ಟಿನಲ್ಲಿ ಈ ಸಾಲು ಬರೆದವಳೂ ನಾನೇ. ಯಾಕೆ ವಾಪಸು ಕೊಡುತ್ತಾರೆ ಎಂದು ಒಬ್ಬರನ್ನೂ ಕೇಳಲಿಲ್ಲ.

ಆ ಹೆಂಗಸು ಬರತೊಡಗಿದ್ದು ಎರಡನೆಯ ವರ್ಷ. ನಂದಗುಡಿಯ ಆಚೆ ಒಂದು ಹಳ್ಳಿ. ಇಪ್ಪತ್ತೈದು ದಾಟಿರದ ವಯಸ್ಸು, ಗಟ್ಟಿಮುಟ್ಟಾದ ಆಳು. ಸಂತೆಗೆ ಹುರುಳಿಕಾಯಿ ಬುಟ್ಟಿ ಹೊತ್ತು ಬರುವವಳು, ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಯಾರೂ ಇಲ್ಲದ್ದು ನೋಡಿ ಮರದ ಹಿಂದಿನಿಂದ ಬರುತ್ತಿದ್ದಳು. ಎಂಥ ಬಿಸಿಲಲ್ಲೂ ಮಣಿಕಟ್ಟಿನವರೆಗೆ ತೋಳಿನ ರವಿಕೆ. ಎಡಗೈಯಲ್ಲಿ ಒಂದು ಮಚ್ಚೆ, ಎರಡು ಬೆರಳು ಜೋಮು, ಅಷ್ಟೇ. ಮುದ್ದೆಯ ಪಾತ್ರೆಯನ್ನು ಒಲೆಯಿಂದ ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದಮೇಲೂ ಉರಿ ಗೊತ್ತಾಗದಿದ್ದಾಗ ಅವಳಿಗೆ ತಿಳಿಯಿತಂತೆ. ಮನೆಯಲ್ಲಿ ಗಂಡ, ಅತ್ತೆ, ಮೈದುನರು, ಐದು ವರ್ಷದ ಮಗಳು. ಯಾರಿಗೂ ಹೇಳಿರಲಿಲ್ಲ.

ನರ್ಸಮ್ಮ ಅವಳಿಗೆ ಒಂದು ಮಾತು ಕೊಟ್ಟಿದ್ದರು. ಕೆಲವು ವರ್ಷ ಒಂದು ವಾರವೂ ತಪ್ಪದೆ ಮಾತ್ರೆ ನುಂಗಿದರೆ ಮಚ್ಚೆ ಮಾಯುತ್ತದೆ, ಬೆರಳು ಮಡಚಿಕೊಳ್ಳುವುದಿಲ್ಲ, ನಿನಗೆ ಈ ರೋಗ ಇತ್ತೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೆ ಬೇಕಿದ್ದದ್ದು ಅದೊಂದೇ. ಮನೆ, ಆ ಮಗು, ಯಾರಿಗೂ ಗೊತ್ತಾಗಬಾರದು.

ಅವಳ ಬಾಯಿ ಮಾತ್ರ ಚುರುಕು. ಒಮ್ಮೆ ನಮ್ಮ ಅಕ್ಕಿಯ ಬಗ್ಗೆ, “ಟೀಚರಮ್ಮ, ನಿಮ್ಮನೆ ಅಕ್ಕಿ ಬೇಯೋಷ್ಟ್ರಲ್ಲಿ ಅಯ್ನೋರ ಮನೆ ಅಕ್ಕಿ ಗಂಜಿ ಆಗೋಯ್ತದೆ. ಎಲ್ರೂ ಮಾತಾಡ್ಕೊಂಡು ಒಂದೇ ಅಂಗಡೀಲಿ ತರ್ಬಾರ್ದಾ?” ಎಂದಳು. ಕೈಯಲ್ಲಿ ಹುಣ್ಣಿದ್ದ ಮುದುಕರೂ ನಕ್ಕರು. ನನಗೆ ಅವಳೆಂದರೆ ಒಂಥರಾ ಅಭಿಮಾನ ಬೆಳೆಯಿತು. ಶೀ ವಾಸ್ ಮೈ ಪೇಷೆಂಟ್, ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆ. ಯಜಮಾನರು ನಗುತ್ತಿದ್ದರು.

ಆ ವರ್ಷ ರಾಗಿ ಕೊಯ್ಲಿನ ಕಾಲದಲ್ಲಿ ಅವಳು ಒಂದು ವಾರ ಬರಲಿಲ್ಲ. ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ನಾನು ನರ್ಸಮ್ಮನನ್ನು ಕೇಳಿದೆ, ಯಾರಾದರೂ ಹೋಗಿ ನೋಡಬೇಡವೇ ಎಂದು. ಕೊಯ್ಲು ಮುಗಿದ ಮೇಲೆ ತಾನಾಗಿ ಬರುತ್ತಾಳೆ, ನೀವು ಮಾತ್ರ ಹೋಗಬೇಡಿ, ಎಂದರು. ಯಾಕೆಂದು ವಿವರಿಸಲಿಲ್ಲ; ಸಾಲಿನಲ್ಲಿ ಜನ ಕಾದಿದ್ದರು. ನನಗೆ ಅದು ಸೋಮಾರಿತನದಂತೆ ಕಂಡಿತು. ಆ ಭಾನುವಾರ ಅಯ್ಯನವರ ಪ್ರಸಂಗ ಕಳೆದುಹೋದ ಒಂದು ಕುರಿಯ ಮೇಲೆ. ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿ ಹೋದ ಕುರುಬನ ಕಥೆ. ನನ್ನನ್ನೇ ನೋಡಿ ಹೇಳುತ್ತಿದ್ದಾರೆ ಎಂದುಕೊಂಡೆ.

ಸೋಮವಾರ ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ ಚಿಂತಾಮಣಿ ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಚೀಲ ಅಕ್ಕಿ. ಮರದ ಕೆಳಗೆ ಅವಳ ಪಾಲಿಗೆಂದು ಎತ್ತಿಟ್ಟಿದ್ದ ಮೂರು ವಾರದ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಅಕ್ಕಿಯ ತಳದಲ್ಲಿ ಹುದುಗಿಸಿದ್ದೆ. ರೋಗದ ಸುದ್ದಿ ಎತ್ತಬಾರದು, ಬಡವರಿಗೆ ಚರ್ಚಿನಿಂದ ಅಕ್ಕಿ ಎಂದಷ್ಟೇ ಹೇಳಿ ಕೊಟ್ಟು ಬರಬೇಕು. ಎಷ್ಟು ಬುದ್ಧಿವಂತೆ ನಾನು ಎಂದು ದಾರಿಯುದ್ದಕ್ಕೂ ಖುಷಿ.

ನಂದಗುಡಿಯಲ್ಲಿ ಇಳಿದು ಎರಡು ಮೈಲಿ ನಡೆದೆ. ಮನೆ ಸಿಕ್ಕಿತು. ಜಗಲಿಯ ಮೇಲೆ ಅತ್ತೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಸೊಸೆ ಹೊಲಕ್ಕೆ ಹೋಗಿದ್ದಳು. ಹೊಸಕೋಟೆ ಚರ್ಚಿನ ಟೀಚರ್ ಎಂದು ಹೇಳಿ ಚೀಲವನ್ನು ಅತ್ತೆಯ ಪಕ್ಕದಲ್ಲಿಟ್ಟೆ. ಅವಳಿಗೆ ಮೊದಲು ಬಂದದ್ದು ಸಿಟ್ಟು. “ನಾವೇನು ತಿರ್ಕೊಂಡ್ ತಿನ್ನೋರು ಅಂದ್ಕೊಂಡ್ರಾ? ಕಣದಾಗೆ ರಾಗಿ ಬಿದ್ದದೆ, ನೋಡ್ಕೊಂಡ್ ಹೋಗಿ,” ಎಂದು ಚೀಲವನ್ನು ಎತ್ತಿ ನನ್ನ ಕಡೆಗೆ ತಳ್ಳಿದಳು. ಅಷ್ಟಕ್ಕೇ ಚೀಲ ಎತ್ತಿಕೊಂಡು ನಾನು ವಾಪಸು ಬಂದಿದ್ದರೆ ಆಗುತ್ತಿತ್ತು. ನಾನು ನಗುತ್ತ ನಿಂತೆ.

ಪಕ್ಕದ ಮನೆಯಾಕೆ, ಸಂತೆಗೆ ಕೋಳಿಮೊಟ್ಟೆ ತರುವವಳು, ಯಾರು ಬಂದಿದ್ದಾರೆಂದು ನೋಡಲು ಬಂದಳು. ಚೀಲದ ಮೂಲೆಯ ಕೆಂಪು ಶಿಲುಬೆಯನ್ನು ನೋಡಿ ಅಲ್ಲೇ ನಿಂತಳು.

“ಅಕ್ಕ, ಅದ್ನ ಮುಟ್ಬೇಡ. ಅದು ಹುಣಿಸೆಮರದ ಚೀಲ. ದೊಡ್ಡರೋಗದೋರಿಗೆ ಕೊಡೋದು.”

ಆ ಒಂದು ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಮಡಚಿ ಮಡಚಿ ವಾಪಸು ಕೊಟ್ಟ ಚೀಲಗಳು, ನರ್ಸಮ್ಮನ ಮಾತು, ನನ್ನ ರಿಪೋರ್ಟಿನ ಸಾಲು. ತಾಲ್ಲೂಕಿಗೆಲ್ಲ ಗುರುತಾಗುವ ಹಾಗೆ ಆ ಗುರುತು ಹಾಕಿದ್ದು ನನ್ನ ಸೂಜಿ.

ಅತ್ತೆ ಕೈಯನ್ನು ಅಂಗಳದ ಮಣ್ಣಿಗೆ ಉಜ್ಜತೊಡಗಿದಳು. ಅಷ್ಟರಲ್ಲಿ ಸೊಸೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದಳು, ಹಿಂದೆ ಮಗು. ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು. ಹೊರೆ ಇಳಿಸಿದಳು. ಮುಖದಲ್ಲಿ ಏನೂ ಕಾಣಲಿಲ್ಲ.

“ಈಯಮ್ಮ ಯಾರೋ ನಂಗೆ ಗೊತ್ತಿಲ್ಲ ಅತ್ತೆ,” ಎಂದಳು. “ಮನೆ ತಪ್ಪಿ ಬಂದವ್ರೆ.”

ಅತ್ತೆ ಅವಳ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತ ಕೇಳಿದಳು: “ನೀವು ಓದಿದೋರು, ಮಕ್ಕಳ್ಗೆ ಪಾಠ ಹೇಳೋರು, ಸುಳ್ಳು ಹೇಳಲ್ಲ. ಇವ್ಳು ಆ ಮರದ ಕೆಳಕ್ಕೆ ಬತ್ತಾಳಾ?”

ಹೌದು, ಮನೆ ತಪ್ಪಿತು, ಎಂದರೆ ಮುಗಿಯುತ್ತಿತ್ತು. ಹಾದಿ ತಪ್ಪಿದ ಪಟ್ಟಣದ ಟೀಚರನ್ನು ನೋಡಿ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ನಾನು ಎಂಥ ಹುಡುಗಿ. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ಅಂಗೈಗೆ ರೂಲರಿನ ಏಟು ತಿಂದವಳು. ಕನ್ಫರ್ಮೇಶನ್ ಕ್ಲಾಸಿನಲ್ಲಿ ಸುಳ್ಳುಸಾಕ್ಷಿಯ ಆಜ್ಞೆಯನ್ನು ತಪ್ಪಿಲ್ಲದೆ ಒಪ್ಪಿಸಿ ಬಹುಮಾನ ಪಡೆದವಳು. ಆ ಆಜ್ಞೆಗೆ ನಮ್ಮ ಸಭೆಯಲ್ಲಿ ಒಂದು ವಿವರಣೆಯನ್ನೂ ಕಲಿಸುತ್ತಾರೆ: ನೆರೆಯವರ ಹೆಸರು ಕೆಡದಂತೆ ಕಾಯಬೇಕು, ಅವರ ಪರವಾಗಿ ನಿಲ್ಲಬೇಕು ಎಂದು. ಆಜ್ಞೆ ನೆನಪಾಯಿತು, ವಿವರಣೆ ನೆನಪಾಗಲಿಲ್ಲ. ಇದು ವಾಸಿಯಾಗುವ ಕಾಯಿಲೆ, ಡಾಕ್ಟರೇ ಹೇಳಿದ್ದಾರೆ, ಮಾತ್ರೆ ತೆಗೆದುಕೊಳ್ಳುವವರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ, ಎಂದು ಪಾಠ ಹೇಳುವ ದನಿಯಲ್ಲೇ ಶುರುಮಾಡಿದೆ. ನಿಜ ತಿಳಿಸಿ ಹೇಳಿದರೆ ಜನ ಅರ್ಥಮಾಡಿಕೊಳ್ಳುತ್ತಾರೆ ಎಂದು ಆಗ ನಾನು ಪೂರ್ತಿ ನಂಬಿದ್ದೆ.

ನಾನು ಮುಗಿಸಿದೆ. ಆಮೇಲೆ ಅತ್ತೆ ಸೊಸೆಗೆ ಹೇಳಿದ್ದು ಒಂದೇ ಮಾತು. “ತೋಳು ಎತ್ತು.”

ಅವಳು ಎತ್ತಲಿಲ್ಲ. ಮಗು ಅವಳ ಕಡೆ ಹೋಗಲು ಹೊರಟಿತು. ಪಕ್ಕದ ಮನೆಯಾಕೆ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಆಗ ಸೊಸೆ ತಾನಾಗಿ ನಾಲ್ಕು ಹೆಜ್ಜೆ ಹಿಂದೆ ಸರಿದು ಬೇಲಿಯ ಹತ್ತಿರ ನಿಂತಳು. ಯಾರೂ ಹೇಳದೆಯೇ ಅಷ್ಟು ದೂರವನ್ನು ಅಳೆದುಕೊಂಡಳು. ಆ ನಾಲ್ಕು ಹೆಜ್ಜೆ ನನಗೆ ಈಗಲೂ ಕಾಣುತ್ತದೆ.

ಮುಂದಿನದನ್ನು ನಾನು ನೋಡಲಿಲ್ಲ, ನರ್ಸಮ್ಮನಿಂದ ಕೇಳಿದೆ. ಹೊಲದ ಬಾವಿಯ ಪಕ್ಕದ ಗುಡಿಸಲಲ್ಲಿ ಅವಳನ್ನು ಇಟ್ಟರಂತೆ. ದಿನಕ್ಕೊಮ್ಮೆ ಮುದ್ದೆಯನ್ನು ಎಲೆಯ ಮೇಲೆ ಇಟ್ಟು, ದೂರ ನಿಂತು ಕೂಗಿ ಹೋಗುವರು. ಗಂಡ ಆ ಕಡೆ ಬರಲೇ ಇಲ್ಲ. ಒಂದು ಸಂತೆಯ ದಿನ ಮೈದುನರು ಗಾಡಿಯಲ್ಲಿ ಕರೆತಂದು ಮರದ ಕೆಳಗೆ ಇಳಿಸಿ, ಅವಳ ಎರಡು ಸೀರೆಯ ಗಂಟನ್ನು ಪಕ್ಕದಲ್ಲಿಟ್ಟು, ಹೋರಿಗಳನ್ನು ತಿರುಗಿಸಿದರು. ಆ ದಿನ ಸಹಾಯಕ್ಕೆ ನನ್ನ ಸರದಿ ಇತ್ತು. ಜ್ವರ ಎಂದು ಹೇಳಿ ಕಳಿಸಿದ್ದೆ, ಜ್ವರವಿರಲಿಲ್ಲ. ಆ ಸುಳ್ಳು ಮಾತ್ರ ಸಲೀಸಾಗಿ ಬಂತು. ಸಂಜೆ ವ್ಯಾನು ಅವಳನ್ನು ಆಶ್ರಮಕ್ಕೆ ಕರೆದುಕೊಂಡು ಹೋಯಿತು.

ಅಯ್ಯನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯವರು, ಪೂರ್ತಿ ಕೇಳಿದರು. “ನೀನು ಸತ್ಯ ಹೇಳಿದೆಯಮ್ಮ, ಅದರಲ್ಲಿ ಪಾಪ ಏನಿದೆ?” ಎಂದರು. ಇದನ್ನು ಸಭೆಯಲ್ಲಿ ಹೇಳಿ ಕ್ಷಮೆ ಕೇಳುತ್ತೇನೆ ಎಂದೆ. ಬೇಡ ಎಂದರು. ಹೇಳಿದರೆ ಹೆಂಗಸರ ಮನಸ್ಸು ಮುರಿಯುತ್ತದೆ, ಹಿಡಿ ಅಕ್ಕಿ ನಿಲ್ಲುತ್ತದೆ, ಅದನ್ನೇ ನಂಬಿದ ಉಳಿದ ರೋಗಿಗಳ ಗತಿಯೇನು? ಅವರ ಮಾತು ತಪ್ಪೆನ್ನಲು ಇವತ್ತಿಗೂ ನನಗಾಗುವುದಿಲ್ಲ. ಆ ವರ್ಷದ ರಿಪೋರ್ಟನ್ನು ಅವರೇ ಬರೆದರು. ಮನೆಯವರು ಕೈಬಿಟ್ಟ ಸಹೋದರಿಯೊಬ್ಬಳಿಗೆ ನಮ್ಮ ಸಭೆಯ ಸೇವೆಯ ಮೂಲಕ ಆಶ್ರಯ ಸಿಕ್ಕಿತು ಎಂದಿತ್ತು. ಎಲ್ಲರೂ ಸ್ತೋತ್ರ ಎಂದರು. ನಾನೂ ಎಂದೆ.

ಶಿಲುಬೆಯ ದಾರವನ್ನೆಲ್ಲ ಬಿಚ್ಚಿ ಹಾಕಿದೆ. ಮತ್ತೆ ಅಕ್ಕಿಯನ್ನು ಸೆರಗಿಗೇ ಸುರಿಯತೊಡಗಿದೆವು. ಯಾಕೆಂದು ಕೇಳಿದವರಿಗೆ ದಾರ ಬಣ್ಣ ಬಿಡುತ್ತದೆ ಎಂದೆ.

ಆಶ್ರಮಕ್ಕೆ ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿಗೆ ಮುಂಚೆ, ಸಭೆಯಿಂದ ಹೊದಿಕೆ ತೆಗೆದುಕೊಂಡು ಹೋಗುತ್ತಿದ್ದೆವು. ಅಲ್ಲಿ ಅವಳನ್ನು ಅಡುಗೆಮನೆಗೆ ಹಾಕಿದ್ದರು. ನನ್ನೊಂದಿಗೆ ಮಾತಾಡುತ್ತಿದ್ದಳು, ಸಿಟ್ಟು ತೋರಿಸಲಿಲ್ಲ. ತಮಾಷೆ ಮಾತ್ರ ಆಡುತ್ತಿರಲಿಲ್ಲ. ಪ್ರತಿ ಸಲವೂ ಒಂದೇ ಪ್ರಶ್ನೆ, ವಾಸಿಯಾದರೆ ಕಾಗದ ಕೊಡುತ್ತಾರಲ್ಲವೇ ಎಂದು. ಕೊಡುತ್ತಾರೆ ಎನ್ನುತ್ತಿದ್ದೆ. ಆ ಕಾಗದ ತೋರಿಸಿದರೆ ಮನೆಗೆ ಸೇರಿಸುತ್ತಾರೆ ಎಂದು ಅವಳ ಲೆಕ್ಕ. ನನಗೂ ಬೇರೆ ಲೆಕ್ಕ ಇರಲಿಲ್ಲ.

ಏಳು ವರ್ಷಕ್ಕೆ ಕಾಗದ ಬಂತು. ಟೈಪ್ ಮಾಡಿದ ಇಂಗ್ಲಿಷ್ ಸರ್ಟಿಫಿಕೇಟು, ಕೆಳಗೆ ಡಾಕ್ಟರ ಸಹಿ, ಸೀಲು. ಅವಳಿಗೆ ಓದಿ ಹೇಳಿದೆ. ಮಚ್ಚೆ ಮಾಸಿತ್ತು, ಎರಡು ಬೆರಳು ಮಾತ್ರ ಸ್ವಲ್ಪ ಬಾಗಿದ್ದವು. ಜೊತೆಗೆ ಬರುತ್ತೀರಾ ಎಂದು ಕೇಳಿದಳು. ಬೇರೆ ಯಾರನ್ನು ಕೇಳಿಯಾಳು?

ಹೋದೆವು. ಅದೇ ಜಗಲಿ. ಅತ್ತೆಗೆ ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದಳು. ಬೈಯಲಿಲ್ಲ. ಜಗಲಿಯ ಅಂಚಿನಲ್ಲಿ ಕೂರಿಸಿದಳು. ನಾನು ಸರ್ಟಿಫಿಕೇಟನ್ನು ಕನ್ನಡದಲ್ಲಿ ಓದಿದೆ. ಪೂರ್ತಿ ಗುಣವಾಗಿದೆ, ಯಾರಿಗೂ ಅಪಾಯವಿಲ್ಲ. ಮುದುಕಿ ತಲೆ ಆಡಿಸಿದಳು.

“ಗುಣವಾಗಿದ್ರೆ ಸಂತೋಷ. ನಂಗೇನು ದ್ವೇಷ ಅದ್ಯಾ? ಆದ್ರೆ ನನ್ನ ಮಗ ಇನ್ನೊಂದು ಕಟ್ಕೊಂಡವ್ನೆ, ಎರಡು ಮಕ್ಳಾಗವೆ. ಈ ಮಗೀಗೆ ನಿಮ್ಮಮ್ಮ ಸತ್ತೋದ್ಲು ಅಂದಿದ್ದೀವಿ. ಊರೋರೂ ಮರ್ತವ್ರೆ. ಈಗ ಇವ್ಳು ಬದುಕವ್ಳೆ ಅಂದ್ರೆ, ಎಲ್ಲಿದ್ಲು ಅಂತಾರೆ. ಎಲ್ಲಿದ್ಲು ಅಂತ ಗೊತ್ತಾದ್ರೆ, ನಾಳೆ ಆ ಹುಡ್ಗೀನ ಯಾರು ಕೇಳ್ಕೊಂಡ್ ಬತ್ತಾರೆ? ನೀನೇ ಹೇಳವ್ವ.”

ಕೊನೆಯ ಮಾತು ನನಗಲ್ಲ, ಸೊಸೆಗೆ. ನಾನು ಕಾಗದ ಮಡಚಿದೆ. ಮತ್ತೆ ಬಿಡಿಸಿದೆ.

ಒಳಗಿನಿಂದ ಹುಡುಗಿ ಎರಡು ಲೋಟ ಮಜ್ಜಿಗೆ ತಂದಳು. ಹನ್ನೆರಡು ವರ್ಷ, ಎರಡು ಜಡೆ, ಸ್ಕೂಲಿನ ನೀಲಿ ಲಂಗ. ನನಗೊಂದು ಲೋಟ ಕೊಟ್ಟು, ಅವಳಿಗೊಂದು ಚಾಚಿದಳು. ಬಂದವರನ್ನು ವಿಚಾರಿಸಿಕೊಳ್ಳುವ ದೊಡ್ಡವರ ರೀತಿಯಲ್ಲಿ, ಯಾವೂರಮ್ಮ ನಿಮ್ಮದು, ಎಂದು ಕೇಳಿದಳು. ಮುದುಕಿ ಮುಖ ಮೇಲೆತ್ತಿದಳು, ಆ ಮಂಜುಗಣ್ಣಿನಲ್ಲೇ ಯಾರನ್ನು ನೋಡುತ್ತಿದ್ದಳೋ. ಆ ಒಂದು ಮಾತಿಗಾಗಿ ಮುದುಕಿಯೂ ಹುಡುಗಿಯೂ ಕಾಯುತ್ತಿದ್ದರು, ಆ ಮಾತು ಆಡಬೇಕಾದವಳು ಅವಳೊಬ್ಬಳು.

“ಹೊಸಕೋಟೆ ಕಣಮ್ಮ,” ಎಂದಳು. “ಟೀಚರಮ್ಮನ ಮನೇಲಿ ಕೆಲ್ಸಕ್ಕಿದ್ದೀನಿ.”

ಬಲಗೈಯಲ್ಲಿ ಲೋಟ ತೆಗೆದುಕೊಂಡಳು, ಎಡಗೈ ಸೆರಗಿನೊಳಗಿತ್ತು. ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟವನ್ನು ಹುಡುಗಿಯ ಕೈಗೆ ಕೊಡದೆ ನೆಲದ ಮೇಲಿಟ್ಟಳು. ಹುಡುಗಿ ಅದನ್ನು ಎತ್ತಿಕೊಂಡು ಒಳಗೆ ಹೋದಳು. ನಾವೂ ಎದ್ದೆವು.

ನಂದಗುಡಿಯವರೆಗಿನ ಎರಡು ಮೈಲಿ ಅವಳು ಮುಂದೆ, ನಾನು ಹಿಂದೆ. ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ಏನಾದರೂ ಹೇಳಬೇಕೆಂದು ನಾನು ಹಲವು ಸಲ ಬಾಯಿ ತೆರೆದೆ. ನನ್ನಿಂದ ಆದದ್ದು, ಕ್ಷಮಿಸು, ಎಂಬ ಎರಡು ಮಾತು. ಅದನ್ನು ಏಳು ವರ್ಷದಲ್ಲಿ ಇಂಗ್ಲಿಷಿನಲ್ಲಿ ಎಷ್ಟು ಸಲ ಮನಸ್ಸಿನೊಳಗೆ ಹೇಳಿಕೊಂಡಿದ್ದೆನೋ. ಕನ್ನಡದಲ್ಲಿ ಹೊರಗೆ ಬರಲಿಲ್ಲ. ಅವಳು ರಸ್ತೆಯನ್ನೇ ನೋಡುತ್ತಿದ್ದಳು.

“ಮಗೀದು ಮುಂದಿನ ಹಲ್ಲು ನೋಡಿದ್ರಾ, ಒಂದರ ಮೇಲೊಂದು ಹತ್ಕೊಂಡವೆ,” ಎಂದಳು. “ನಮ್ಮವ್ವಂಗೂ ಹಂಗೇ ಇದ್ವು.”

ಬಸ್ಸು ಬಂತು. ಸೀಟು ಖಾಲಿ ಇರಲಿಲ್ಲ. ಹೊಸಕೋಟೆಯವರೆಗೆ ಇಬ್ಬರೂ ನಿಂತೇ ಬಂದೆವು.